ಸೇತುವೆಯ ಮೇಲಿನ ಫೋಟೊ, ಅದರ ಹಿಂದಿನ ದಿನ

ಷಿಕಾಗೋದಲ್ಲಿ ಇರುವವರು, ಅಥವಾ ಊರಿನಿಂದ ಬಂದ ಅಪ್ಪ ಅಮ್ಮನಿಗೆ ಷಿಕಾಗೋ ತೋರಿಸಲು ಹೋದವರು, ಮಿಷಿಗನ್ ಅವೆನ್ಯೂ ಸೇತುವೆಯ ಮೇಲೆ ನಡೆದೇ ನಡೆದಿರುತ್ತೀರಿ. ಈಗ ಅದಕ್ಕೆ ಡುಸಾಬಲ್ ಸೇತುವೆ ಅಂತ ಹೆಸರು. ಒಂದು ಕಡೆ ಬಿಳಿಯ ರಿಗ್ಲಿ ಕಟ್ಟಡ, ಕೆಳಗೆ ದೋಣಿಗಳು, ಮೇಲೆ ಫೋಟೊ ತೆಗೆಯುವವರ ಗುಂಪು. ಅದೇ ಸೇತುವೆಯ ಮೇಲೆ ಒಬ್ಬ ಟ್ಯಾಕ್ಸಿ ಡ್ರೈವರ್ ವರ್ಷ ವರ್ಷವೂ ಏಪ್ರಿಲ್ 25ರಂದು ನಿಂತುಕೊಂಡು, ಹೋಗುವವರಿಗೆ ಬರುವವರಿಗೆ ಕರಪತ್ರ ಹಂಚುತ್ತಿದ್ದ. ಅಣ್ವಸ್ತ್ರ ಹೆಚ್ಚಿಸಬೇಡಿ, ರಷ್ಯಾದ ಜೊತೆ ಮತ್ತೆ ಯುದ್ಧ ಬೇಡ ಎಂಬುದು ಆತನ ಮಾತು. ಹೆಸರು ಜೋಸೆಫ್ ಪೊಲೊವ್‌ಸ್ಕಿ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಬೀದಿಯಲ್ಲಿ ನಿಂತು ಹೀಗೆ ಹೇಳುವವನನ್ನು ಜನ ಹೇಗೆ ನೋಡಿರಬಹುದು ಅಂತ ನೀವೇ ಊಹಿಸಿ. ಕೆಲವರಿಗೆ ಕಮ್ಯುನಿಸ್ಟ್, ಉಳಿದವರಿಗೆ ತಲೆ ಕೆಟ್ಟವನು.

ಆತ ಯಾಕೆ ಅಲ್ಲಿ ನಿಲ್ಲುತ್ತಿದ್ದ, ಯಾಕೆ ಅದೇ ದಿನ, ಯಾಕೆ ಒಂದು ಸೇತುವೆಯ ಮೇಲೆಯೇ ಎಂಬುದನ್ನು ಹೇಳಬೇಕಾದರೆ ಅಮೆರಿಕದ ಸೈನ್ಯದ ಒಂದು ಡಿವಿಷನ್‌ನ ಕಥೆ ಹೇಳಬೇಕು. ಇವತ್ತು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಎರಡನೇ ಮಹಾಯುದ್ಧದ ಫೋಟೊಗಳಲ್ಲಿ ಒಂದನ್ನು ನೀವು ಶಾಲೆಯ ಪುಸ್ತಕದಲ್ಲೋ ಟೀವಿಯಲ್ಲೋ ನೋಡಿರಬೇಕು. ಮುರಿದು ನದಿಗೆ ಬಿದ್ದ ಒಂದು ಸೇತುವೆ. ಸೊಟ್ಟಗಾದ ಕಬ್ಬಿಣದ ತೊಲೆಗಳ ಮೇಲೆ ಒಂದು ಕಡೆಯಿಂದ ಅಮೆರಿಕದ ಸೈನಿಕರು, ಇನ್ನೊಂದು ಕಡೆಯಿಂದ ಸೋವಿಯತ್ ಸೈನಿಕರು ಬಾಗಿ ಕೈ ಚಾಚುತ್ತಿದ್ದಾರೆ. ಜರ್ಮನಿಯ ಟೊರ್ಗಾವ್ ಎಂಬ ಊರಿನಲ್ಲಿ, ಎಲ್ಬ ನದಿಯ ಮೇಲೆ ತೆಗೆದದ್ದು. ಪೂರ್ವದ ಸೇನೆಯೂ ಪಶ್ಚಿಮದ ಸೇನೆಯೂ ಜರ್ಮನಿಯನ್ನು ನಡುಮಧ್ಯೆ ಕತ್ತರಿಸಿ ಕೈ ಕುಲುಕಿದ ಗಳಿಗೆ ಅಂತ ಅದಕ್ಕೆ ಹೆಸರು. ಫೋಟೊ ತೆಗೆದವನು ಅಲನ್ ಜಾಕ್ಸನ್ ಎಂಬ ಪತ್ರಿಕಾ ಛಾಯಾಗ್ರಾಹಕ. ಚಿತ್ರ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ತೆಗೆದದ್ದು ಏಪ್ರಿಲ್ 26ರಂದು, ಸೈನಿಕರನ್ನು ನಿಲ್ಲಿಸಿ. ಭೇಟಿ ಆದದ್ದು ಅದರ ಹಿಂದಿನ ದಿನ. ಮೊಟ್ಟಮೊದಲ ಭೇಟಿ ಟೊರ್ಗಾವ್‌ನಲ್ಲಿ ಆದದ್ದೂ ಅಲ್ಲ.

ಫೋಟೊದಲ್ಲಿರುವ ಅಮೆರಿಕನ್ನರು 69ನೇ ಇನ್‌ಫೆಂಟ್ರಿ ಡಿವಿಷನ್‌ನವರು. ಇನ್‌ಫೆಂಟ್ರಿ ಡಿವಿಷನ್ ಅಂದರೆ ಸುಮಾರು ಹದಿನಾಲ್ಕು ಸಾವಿರ ಜನರ ಕಾಲಾಳು ಪಡೆ. ಮೂರು ರೆಜಿಮೆಂಟ್, ಜೊತೆಗೆ ಫಿರಂಗಿ, ಎಂಜಿನಿಯರುಗಳು, ವೈದ್ಯರು, ಅಡಿಗೆಯವರು. ಇವರ ರೆಜಿಮೆಂಟುಗಳು 271, 272, 273. ಕೊನೆಯ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ.

ಈ ಡಿವಿಷನ್‌ಗೆ ದೊಡ್ಡ ಹೆಸರೇನೂ ಇರಲಿಲ್ಲ. ನಾರ್ಮಂಡಿಯಲ್ಲಿ ಇಳಿದವರು ಇವರಲ್ಲ. 1943ರ ಮೇ ತಿಂಗಳಲ್ಲಿ ಮಿಸಿಸಿಪಿಯ ಕ್ಯಾಂಪ್ ಶೆಲ್ಬಿಯಲ್ಲಿ ಹುಟ್ಟಿದ ಪಡೆ. ಒಂದೂವರೆ ವರ್ಷ ಅಲ್ಲಿಯ ಸೆಕೆ, ಕೆಸರು, ಸೊಳ್ಳೆಗಳ ನಡುವೆ ತರಬೇತಿ. ಆ ನಡುವೆಯೇ ಬೇರೆ ಪಡೆಗಳಿಗೆ ಜನ ಕಡಿಮೆ ಬಿದ್ದಾಗಲೆಲ್ಲ ಇಲ್ಲಿಂದ ಕೊಂಡೊಯ್ಯುತ್ತಿದ್ದರು. 1944ರ ಕೊನೆಗೆ ಇಂಗ್ಲೆಂಡಿಗೆ ಬಂದಿಳಿದ ಹೊತ್ತಿಗೆ ಬೆಲ್ಜಿಯಮ್ಮಿನ ಕಾಡುಗಳಲ್ಲಿ ಹಿಟ್ಲರನ ಕೊನೆಯ ದೊಡ್ಡ ದಾಳಿ ನಡೆಯುತ್ತಿತ್ತು. ಇಂಗ್ಲಿಷಿನಲ್ಲಿ ಬ್ಯಾಟಲ್ ಆಫ್ ದ ಬಲ್ಜ್ ಅನ್ನುತ್ತಾರಲ್ಲ, ಅದು. ಅಲ್ಲಿ ಸತ್ತವರ, ಗಾಯಗೊಂಡವರ ಜಾಗ ತುಂಬಲು ಮತ್ತೆ ಈ ಡಿವಿಷನ್‌ನಿಂದಲೇ ಸಾವಿರಗಟ್ಟಲೆ ಕಾಲಾಳುಗಳನ್ನು ತೆಗೆದುಕೊಂಡು ಹೋದರು. ಜೊತೆಯಲ್ಲಿ ತರಬೇತಿ ಪಡೆದ ಗೆಳೆಯರು ಹೀಗೆ ಚದುರಿಹೋದರು. ಉಳಿದವರ ಮಧ್ಯೆ ಹೊಸ ಮುಖಗಳನ್ನು ಸೇರಿಸಿ, ಮೇಜರ್ ಜನರಲ್ ಎಮಿಲ್ ರೈನ್‌ಹಾರ್ಟ್ ಎಂಬ ಅಧಿಕಾರಿಯ ಕೈಕೆಳಗೆ, 1945ರ ಜನವರಿಯಲ್ಲಿ ಫ್ರಾನ್ಸಿಗೆ ದಾಟಿಸಿದರು. ಫೆಬ್ರವರಿಯಲ್ಲಿ ಗಡಿಯ ಐಫೆಲ್ ಗುಡ್ಡಗಳಲ್ಲಿ, ಹಿಮ ಕರಗಿ ಕೆಸರಾಗುತ್ತಿದ್ದ ಕಾಲದಲ್ಲಿ, ಇವರು ಮೊದಲ ಸಲ ಗುಂಡಿನ ಸದ್ದು ಕೇಳಿದರು. ಮೇ 8ಕ್ಕೆ ಯುದ್ಧ ಮುಗಿಯಿತು. ಅಂದರೆ ಇವರ ಯುದ್ಧವೆಲ್ಲ ಸೇರಿ ಮೂರು ತಿಂಗಳೂ ಇಲ್ಲ.

ಕೊನೆಗೆ ಬಂದವರು, ಆಟ ಮುಗಿದಿತ್ತು, ಸುಲಭ ಅಂತ ಅನ್ನಿಸಬಹುದು. ಸತ್ತವರಿಗೆ ಅದು ಫೆಬ್ರವರಿಯೋ ಏಪ್ರಿಲ್ಲೋ ಏನು ವ್ಯತ್ಯಾಸ? ಗೆಲುವು ಖಾತ್ರಿಯಾದ ಮೇಲೆ ಸಾಯುವುದು ಇನ್ನೂ ಕಷ್ಟ ಎಂದೇ ನನಗೆ ತೋರುತ್ತದೆ. ಐಫೆಲ್‌ನ ಗಡಿ ಕೋಟೆಗಳ ಹತ್ತಿರ ಫೆಬ್ರವರಿ 27ರಂದು ಇವರು ಮಾಡಿದ ಮೊದಲ ದಾಳಿಯಲ್ಲಿ ಸಣ್ಣ ಸಣ್ಣ ಹಳ್ಳಿಗಳಿಗಾಗಿ ಮನೆ ಮನೆಯಲ್ಲಿ ಹೊಡೆದಾಟ ನಡೆಯಿತು. ಆಮೇಲೆ ಮಾರ್ಚ್‌ನಲ್ಲಿ ರೈನ್ ನದಿ ದಾಟಿದ ನಂತರವೇ ಬಾಗಿಲು ತೆರೆದ ಹಾಗೆ ಆದದ್ದು.

ಮಾರ್ಚ್ 27ರಂದು ಕೊಬ್ಲೆನ್ಸ್ ಊರಿನ ಎದುರಿಗಿರುವ ಎರೆನ್‌ಬ್ರೈಟ್‌ಸ್ಟೈನ್ ಕೋಟೆ ಇವರ ಕೈಗೆ ಬಂತು. ಅಲ್ಲಿ ಒಂದು ಸ್ವಾರಸ್ಯವಿದೆ. ಮೊದಲ ಮಹಾಯುದ್ಧದ ನಂತರ ಇದೇ ಕೋಟೆಯ ಮೇಲೆ ಅಮೆರಿಕದ ಬಾವುಟ ಹಾರುತ್ತಿತ್ತು. 1923ರಲ್ಲಿ ಅದನ್ನು ಇಳಿಸಿ ಸೈನ್ಯ ಮನೆಗೆ ಹೋಗಿತ್ತು. ಇಪ್ಪತ್ತೆರಡು ವರ್ಷದ ಮೇಲೆ, ಏಪ್ರಿಲ್ 6ರಂದು, ಜನರಲ್ ಬ್ರಾಡ್ಲಿಯವರ ಎದುರಿನಲ್ಲಿ ಅಲ್ಲಿ ಮತ್ತೆ ಬಾವುಟ ಏರಿತು. ಅಪ್ಪಂದಿರು ಮುಗಿಸಿದೆವು ಅಂದುಕೊಂಡ ಕೆಲಸಕ್ಕೆ ಮಕ್ಕಳು ಮರಳಿ ಬಂದಿದ್ದರು.

ಅಲ್ಲಿಂದ ಮುಂದೆ ಓಟ. ಕಾಲಾಳುಗಳು ಅನ್ನುವುದು ಹೆಸರಿಗೆ ಮಾತ್ರ. ಲಾರಿಯ ಮೇಲೆ, ಜೀಪಿನಲ್ಲಿ, ಟ್ಯಾಂಕಿನ ಬೆನ್ನ ಮೇಲೆ ಕೂತು ಹೋಗುತ್ತಿದ್ದರು. ಕಾಸೆಲ್ ಪಕ್ಕದಿಂದ ಹಾದು, ವೆರಾ ನದಿಯನ್ನು ದಾಟಿ, ಝಾಲ ನದಿಯ ದಂಡೆಯ ವೈಸೆನ್‌ಫೆಲ್ಸ್‌ಗೆ. ಕಿಟಕಿಗಳಲ್ಲಿ ಶರಣಾಗತಿಯ ಬಿಳಿ ಹಾಸಿಗೆ ಬಟ್ಟೆ. ಒಂದು ಊರಿನಲ್ಲಿ ಗುಂಡೇ ಇಲ್ಲ. ಪಕ್ಕದ ಊರಿನಲ್ಲಿ ಹದಿನಾರು ವರ್ಷದ ಹುಡುಗರನ್ನೂ ಮುದುಕರನ್ನೂ ಕೂರಿಸಿಕೊಂಡು ಯಾರೋ ಅಧಿಕಾರಿ ಹಟ ಹಿಡಿದಿರುತ್ತಿದ್ದ. ಎಲ್ಲಿ ಯಾವುದು ಅಂತ ಮೊದಲೇ ಗೊತ್ತಾಗುವ ಹಾಗಿರಲಿಲ್ಲ.

ಏಪ್ರಿಲ್ 16ರಂದು ಇವರ 273ನೇ ರೆಜಿಮೆಂಟಿನ ಒಂದು ಬೆಟಾಲಿಯನ್, 9ನೇ ಆರ್ಮರ್ಡ್ ಡಿವಿಷನ್ ಜೊತೆ ಸೇರಿಕೊಂಡು, ಕೋಲ್ಡಿಟ್ಜ್ ಕೋಟೆಯ ಸೆರೆಮನೆಯನ್ನು ಬಿಡಿಸಿತು. ತಪ್ಪಿಸಿಕೊಳ್ಳುವುದರಲ್ಲಿ ಪಳಗಿದ ಮಿತ್ರಪಕ್ಷದ ಅಧಿಕಾರಿಗಳನ್ನೆಲ್ಲ ಒಂದೇ ಕಡೆ ಕೂಡಿಹಾಕಿದ್ದ ಜಾಗ ಅದು. ಸಿನಿಮಾಗಳಿಂದ ನಿಮಗೆ ಗೊತ್ತಿರಬಹುದು. ಈ ಕೋಲ್ಡಿಟ್ಜ್‌ನಲ್ಲಿ ಒಬ್ಬ ಭಾರತೀಯನೂ ಇದ್ದ, ವೈದ್ಯ ಬೀರೇಂದ್ರನಾಥ ಮಜುಂದಾರ್. ಬ್ರಿಟಿಷ್ ಸೈನ್ಯದ ಡಾಕ್ಟರು. ಒಳಗೆ ಕೆಲವು ಬ್ರಿಟಿಷ್ ಅಧಿಕಾರಿಗಳೇ ಆತನನ್ನು ಸಂಶಯದಿಂದ ನೋಡುತ್ತಿದ್ದರು. ಸುಭಾಷ್‌ಚಂದ್ರ ಬೋಸರು ಬರ್ಲಿನ್ನಿನಲ್ಲಿ ಕರೆದು ತಮ್ಮ ಪಡೆಗೆ ಸೇರಲು ಕೇಳಿದಾಗ, ಸ್ವಾತಂತ್ರ್ಯ ತನಗೂ ಬೇಕು ಆದರೆ ಕೊಟ್ಟ ಮಾತು ಮುರಿಯಲಾರೆ ಎಂಬ ನಿಲುವಿನಿಂದ ಒಲ್ಲೆ ಅಂದ. ಆಮೇಲೆ ಗಾಂಧೀಜಿಯ ದಾರಿ ಹಿಡಿದು ಉಪವಾಸ ಕೂತು, ಭಾರತೀಯ ಸೆರೆಯಾಳುಗಳ ಶಿಬಿರಕ್ಕೆ ವರ್ಗ ಮಾಡಿಸಿಕೊಂಡ. ಅಲ್ಲಿಂದ ತಪ್ಪಿಸಿಕೊಂಡು ಸ್ವಿಟ್ಜರ್‌ಲೆಂಡ್ ಸೇರಿದ. ಆದ್ದರಿಂದ 69ನೇ ಡಿವಿಷನ್‌ನವರು ಬಾಗಿಲು ತೆಗೆದ ದಿನ ಮಜುಂದಾರ್ ಅಲ್ಲಿರಲಿಲ್ಲ. ಇದು ದಾರಿ ಬದಿಯ ಮಾತು, ಆದರೂ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಏಪ್ರಿಲ್ 18, 19. ಲೈಪ್‌ಜಿಗ್. ಜರ್ಮನಿಯ ದೊಡ್ಡ ನಗರಗಳಲ್ಲಿ ಒಂದು. ಸಂಗೀತಗಾರ ಬಾಖ್ ಬದುಕಿದ ಊರು. 69ನೇ ಡಿವಿಷನ್ ಒಂದು ಕಡೆಯಿಂದ, 2ನೇ ಡಿವಿಷನ್ ಇನ್ನೊಂದು ಕಡೆಯಿಂದ ನುಗ್ಗಿದವು. ನೆಪೋಲಿಯನ್ನನ್ನು 1813ರಲ್ಲಿ ಸೋಲಿಸಿದ ನೆನಪಿಗೆ ಕಟ್ಟಿದ ಒಂದು ಬೃಹತ್ ಕಲ್ಲಿನ ಸ್ಮಾರಕ ಅಲ್ಲಿದೆ, ತೊಂಬತ್ತು ಮೀಟರಿಗೂ ಎತ್ತರ. ಕರ್ನಲ್ ಫಾನ್ ಪೊನ್‌ಸೆಟ್ ಎಂಬಾತ ತನ್ನ ಜನರನ್ನು ಕರೆದುಕೊಂಡು ಅದರೊಳಗೆ ಕೂತುಬಿಟ್ಟ. ಗೋಡೆಗಳು ಎಷ್ಟು ದಪ್ಪ ಅಂದರೆ ಫಿರಂಗಿಯ ಗುಂಡು ತಾಗಿ ಚಕ್ಕೆ ಏಳುತ್ತಿತ್ತು, ಅಷ್ಟೆ. ಒಳಗೆ ಸೆರೆಸಿಕ್ಕ ಅಮೆರಿಕನ್ನರೂ ಇದ್ದರು. ಕೊನೆಗೆ ಬಿಳಿ ಬಾವುಟ ಹಿಡಿದು ಮಾತಿಗೆ ಹೋದವನು ಕ್ಯಾಪ್ಟನ್ ಹಾನ್ಸ್ ಟ್ರೆಫೂಸ್. ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಕಾಲದಲ್ಲಿ ಕುಟುಂಬ ಅಮೆರಿಕಕ್ಕೆ ಓಡಿಬಂದಿತ್ತು. ಅದೇ ಹುಡುಗ ಅಮೆರಿಕದ ಸಮವಸ್ತ್ರದಲ್ಲಿ, ಅಚ್ಚ ಜರ್ಮನ್ ಭಾಷೆಯಲ್ಲಿ, ಗಂಟೆಗಟ್ಟಲೆ ವಾದ ಮಾಡಿ, ಏಪ್ರಿಲ್ 20ರ ನಡುರಾತ್ರಿ ಕಳೆದ ಮೇಲೆ ಆ ಕರ್ನಲ್‌ನಿಂದ ಶರಣಾಗತಿ ಪಡೆದ. ಏಪ್ರಿಲ್ 20 ಹಿಟ್ಲರನ ಹುಟ್ಟಿದ ದಿನ. ಟ್ರೆಫೂಸ್ ಮುಂದೆ ನ್ಯೂಯಾರ್ಕಿನ ಬ್ರೂಕ್‌ಲಿನ್ ಕಾಲೇಜಿನಲ್ಲಿ ಇತಿಹಾಸದ ಪ್ರೊಫೆಸರಾದ, ಅಮೆರಿಕದ ಅಂತರ್ಯುದ್ಧದ ನಂತರದ ಕಾಲದ ಬಗ್ಗೆ ದೊಡ್ಡ ಪುಸ್ತಕಗಳನ್ನು ಬರೆದ.

ಅದೇ ಲೈಪ್‌ಜಿಗ್‌ನ ಅಂಚಿನಲ್ಲಿ ಟೆಕ್ಲ ಎಂಬಲ್ಲಿ ವಿಮಾನ ಕಾರ್ಖಾನೆಗೆ ದುಡಿಯುವ ಸೆರೆಯಾಳುಗಳ ಶಿಬಿರವಿತ್ತು, ಬೂಖೆನ್‌ವಾಲ್ಡ್‌ನ ಕೊಂಬೆ. ನಡೆಯಬಲ್ಲವರನ್ನು ಕಾವಲುಗಾರರು ಮೊದಲೇ ಹೊಡೆದಟ್ಟಿದ್ದರು. ನಡೆಯಲಾರದ ರೋಗಿಗಳನ್ನು ಏಪ್ರಿಲ್ 18ರಂದು ಒಂದು ಮರದ ಕೊಟ್ಟಿಗೆಗೆ ತುಂಬಿ ಬೆಂಕಿ ಹಚ್ಚಿದರು. ಹೊರಗೆ ಓಡಿದವರಿಗೆ ಗುಂಡು. 69ನೇ ಡಿವಿಷನ್‌ನವರು ಅಲ್ಲಿಗೆ ಬಂದಾಗ ಮುಳ್ಳುತಂತಿಗೆ ಅಂಟಿಕೊಂಡ ಹೆಣಗಳನ್ನು ಕಂಡರು. ಅಮೆರಿಕನ್ನರು ಕೆಲವೇ ಗಂಟೆ ಮೊದಲು ಬಂದಿದ್ದರೆ ಎಂಬ ಲೆಕ್ಕ ಯಾರಿಗೂ ಬೇಡ. ನಗರದ ಹೊಸ ಆಡಳಿತದಿಂದ ಶವಪೆಟ್ಟಿಗೆಗಳನ್ನು ತರಿಸಿ, ಊರಿನ ಗಣ್ಯರನ್ನು ಕರೆಸಿ ನಿಲ್ಲಿಸಿ, ಆ ಸತ್ತವರಿಗೆ ಗೌರವದ ಮಣ್ಣು ಮಾಡಿಸಿತು ಸೈನ್ಯ.

ಲೈಪ್‌ಜಿಗ್ ದಾಟಿದರೆ ಮುಲ್ಡ ಎಂಬ ನದಿ. ಅಲ್ಲಿ ನಿಲ್ಲಿ ಎಂಬ ಆಜ್ಞೆ ಇತ್ತು. ಮುಲ್ಡದ ಆಚೆ, ಇನ್ನೂ ಮೂವತ್ತು ಕಿಲೋಮೀಟರ್ ಪೂರ್ವಕ್ಕೆ, ಎಲ್ಬ. ಅದರಾಚೆಯಿಂದ ರಷ್ಯನ್ನರು ಬರುತ್ತಿದ್ದರು. ಎರಡು ದೈತ್ಯ ಸೇನೆಗಳು ಎದುರೆದುರು ಓಡಿಬಂದು ತಿಳಿಯದೆ ಒಂದನ್ನೊಂದು ಹೊಡೆದುಬಿಟ್ಟರೆ? ಆ ಭಯದಿಂದ ಮೇಲಿನವರು ಗೆರೆ ಹಾಕಿದ್ದರು. ಗಸ್ತು ತಂಡಗಳು ಮುಲ್ಡದಿಂದ ಐದು ಮೈಲಿಗಿಂತ ಆಚೆ ಹೋಗಬಾರದು. ರಷ್ಯನ್ನರು ಕಂಡರೆ ಅಮೆರಿಕನ್ನರು ಹಸಿರು ಬಾಣ ಹಾರಿಸಬೇಕು, ಅವರು ಕೆಂಪು ಬಾಣ ಹಾರಿಸುತ್ತಾರೆ.

ಕಾಯುವುದೂ ಒಂದು ಯುದ್ಧವೇ. ಮುಲ್ಡದ ಮೇಲೆಯೇ ಇರುವ ಐಲೆನ್‌ಬುರ್ಗ್ ಎಂಬ ಪುಟ್ಟ ಊರಿನಲ್ಲಿ ಜರ್ಮನರು ಸೋಲೊಪ್ಪದೆ ಉಳಿದರು. ಏಪ್ರಿಲ್ 20ರಿಂದ 23ರವರೆಗೆ ಅಮೆರಿಕದ ಫಿರಂಗಿಗಳು ಅದನ್ನು ಹೊಡೆದು ಪುಡಿ ಮಾಡಿದವು. ಯುದ್ಧ ಮುಗಿಯಲು ಎರಡೇ ವಾರ ಇತ್ತು. ಈ ಡಿವಿಷನ್ ಬಗ್ಗೆ ಮಾತಾಡುವಾಗ ಆ ಊರನ್ನೂ ಹೇಳಬೇಕು.

ಇನ್ನು ಆ 273ನೇ ರೆಜಿಮೆಂಟ್. ಏಪ್ರಿಲ್ 24ರ ಮಧ್ಯಾಹ್ನ ಲೆಫ್ಟಿನೆಂಟ್ ಆಲ್ಬರ್ಟ್ ಕೊಟ್ಜೆಬ್ಯೂ ಎಂಬ ಯುವಕ ಏಳು ಜೀಪು, ಇಪ್ಪತ್ತೆಂಟು ಜನರೊಂದಿಗೆ ಹೊರಟ. ರಷ್ಯನ್ನರು ಎಲ್ಲಿದ್ದಾರೆ ನೋಡಿಕೊಂಡು ಬಾ ಎಂಬ ಕೆಲಸ. ಆ ತಂಡದಲ್ಲಿ ಒಬ್ಬ ಸಾಮಾನ್ಯ ಸಿಪಾಯಿ, ರಷ್ಯನ್ ಸಾಮ್ರಾಜ್ಯದಿಂದ ವಲಸೆ ಬಂದ ಯಹೂದಿ ಕುಟುಂಬದ ಷಿಕಾಗೋ ಹುಡುಗ: ನಮ್ಮ ಜೋಸೆಫ್ ಪೊಲೊವ್‌ಸ್ಕಿ. ತಂಡಕ್ಕೆ ಬೇಕಾಗಿದ್ದವನೇ, ಯಾಕೆಂದರೆ ಜರ್ಮನ್ ಬರುತ್ತಿತ್ತು.

ದಾರಿಯ ತುಂಬ ಜನ. ಶರಣಾಗಲು ಬರುವ ಜರ್ಮನ್ ಸೈನಿಕರು, ಬಿಡುಗಡೆಯಾದ ಸೆರೆಯಾಳುಗಳು, ಗಾಡಿಗಳಲ್ಲಿ ಮನೆಸಾಮಾನು ಹೇರಿಕೊಂಡು ರಷ್ಯನ್ನರಿಗೆ ಹೆದರಿ ಪಶ್ಚಿಮಕ್ಕೆ ಓಡುವ ಹೆಂಗಸರು, ಮಕ್ಕಳು. ರಾತ್ರಿ ಕ್ಯೂರೆನ್ ಎಂಬ ಹಳ್ಳಿಯಲ್ಲಿ ತಂಗಿದರು. ಬೆಳಿಗ್ಗೆ ಎದ್ದು ಹಿಂದಕ್ಕೆ ಹೋಗಬೇಕಿತ್ತು. ಕೊಟ್ಜೆಬ್ಯೂ ಮುಂದಕ್ಕೆ ಹೋದ. ಐದು ಮೈಲಿಯ ಗೆರೆ ಹಿಂದೆಯೇ ಉಳಿಯಿತು. ಬಹುಶಃ ಇನ್ನೊಂದು ಹಳ್ಳಿ, ಇನ್ನೊಂದು ಹಳ್ಳಿ ಅಂತ ಹೋಗಿರಬೇಕು. ಊರಿಗೆ ಹೋದಾಗ ನಾವೂ ಇನ್ನೊಂದು ತಿರುವು ಅಂತ ಹೋಗುವುದಿಲ್ಲವೆ, ಆ ಬಗೆ. ಆದರೆ ಇಲ್ಲಿ ತಿರುವಿನಾಚೆ ಟ್ಯಾಂಕ್ ಇರಬಹುದಿತ್ತು.

ಹನ್ನೊಂದೂವರೆ ಹೊತ್ತಿಗೆ ಲೆಕ್‌ವಿಟ್ಜ್ ಎಂಬ ಹಳ್ಳಿಯ ಒಂದು ಅಂಗಳದಲ್ಲಿ ಕುದುರೆಯ ಮೇಲೆ ಒಬ್ಬ ಸೈನಿಕ ಕಂಡ. ಸೋವಿಯತ್ ಸೇನೆಯವನು, ಒಬ್ಬನೇ. ಮಹಾ ಸಮಾಗಮದ ಮೊದಲ ಗಳಿಗೆ ಅಂದರೆ ಇದು. ಅಪ್ಪುಗೆ ಇಲ್ಲ, ಹಾಡಿಲ್ಲ. ಆತ ಅನುಮಾನದಿಂದ ನೋಡಿದ, ಪೂರ್ವಕ್ಕೆ ಕೈ ತೋರಿಸಿದ, ಕುದುರೆ ಓಡಿಸಿಕೊಂಡು ಹೋದ. ಅಷ್ಟೆ.

ಜೀಪುಗಳು ಅತ್ತ ಕಡೆ ಓಡಿದವು. ಸ್ಟ್ರೇಲಾ ಎಂಬ ಊರಿನ ಹತ್ತಿರ ಎಲ್ಬ ಕಾಣಿಸಿತು. ಆಚೆ ದಂಡೆಯಲ್ಲಿ, ಲೊರೆಂಜ್‌ಕಿರ್ಖ್ ಎಂಬ ಹಳ್ಳಿಯ ಮುಂದೆ, ಮುರಿದ ತೇಲುಸೇತುವೆಯ ಉಳಿಕೆಗಳ ಬಳಿ ಜನ ಓಡಾಡುತ್ತಿದ್ದರು. ದುರ್ಬೀನಿನಲ್ಲಿ ನೋಡಿದರೆ ಕಂದು ಸಮವಸ್ತ್ರ, ಎದೆಯ ಮೇಲೆ ಪದಕಗಳ ಹೊಳಪು. ಕೊಟ್ಜೆಬ್ಯೂ ಹಸಿರು ಬಾಣ ಎರಡು ಹಾರಿಸಿದ. ಕಟ್ಟಿಹಾಕಿದ್ದ ಒಂದು ದೋಣಿಯ ಸರಪಳಿಯನ್ನು ಗ್ರೆನೇಡ್ ಇಟ್ಟು ಹರಿದು, ಐದಾರು ಜನ ಅದಕ್ಕೆ ಹತ್ತಿ, ಕೈಗೆ ಸಿಕ್ಕಿದ್ದರಲ್ಲಿ ಹುಟ್ಟು ಹಾಕುತ್ತಾ ದಾಟಿದರು. ಪೊಲೊವ್‌ಸ್ಕಿ ಅವರಲ್ಲಿ ಒಬ್ಬ.

ಆಚೆ ದಂಡೆಗೆ ದೋಣಿ ತಾಗಿದಾಗ ಇಳಿಯುವುದಕ್ಕೆ ಜಾಗ ಹುಡುಕಬೇಕಾಯಿತು. ದಂಡೆಯ ತುಂಬ ಹೆಣಗಳು. ಸೈನಿಕರ ಹೆಣಗಳಲ್ಲ. ಗಾಡಿಗಳು, ಟ್ರಂಕುಗಳು, ಬಟ್ಟೆಯ ಗಂಟುಗಳು, ಅವುಗಳ ನಡುವೆ ಮುದುಕರು, ಹೆಂಗಸರು, ಮಕ್ಕಳು. ನದಿ ದಾಟಲು ಕಾಯುತ್ತಿದ್ದ ನಿರಾಶ್ರಿತರು. ಸೇತುವೆಯನ್ನು ಜರ್ಮನರೇ ಸಿಡಿಸಿದಾಗ ಸತ್ತರೆ, ವಿಮಾನದ ಗುಂಡಿಗೆ ಸತ್ತರೆ, ರಷ್ಯನ್ ಫಿರಂಗಿಗೆ ಸತ್ತರೆ ಎಂಬುದು ನಿಂತು ನೋಡಿದವರಿಗೆ ತಿಳಿಯುವ ಹಾಗಿರಲಿಲ್ಲ. ಪೊಲೊವ್‌ಸ್ಕಿ ಮುಂದೆ ಸ್ಟಡ್ಸ್ ಟರ್ಕೆಲ್ ಎಂಬ ಷಿಕಾಗೋದ ಪ್ರಸಿದ್ಧ ರೇಡಿಯೊ ಸಂದರ್ಶಕನಿಗೆ ಇದನ್ನು ಹೇಳಿದ. ಒಂದು ಪುಟ್ಟ ಹುಡುಗಿ, ಐದೋ ಆರೋ ವರ್ಷ, ಒಂದು ಕೈಯಲ್ಲಿ ಗೊಂಬೆ, ಇನ್ನೊಂದು ಕೈಯಲ್ಲಿ ತಾಯಿಯ ಕೈ. ಅದು ಆತನ ಕಣ್ಣಿನಿಂದ ಹೋಗಲೇ ಇಲ್ಲ.

ಆ ಹೆಣಗಳ ಮಧ್ಯೆ ಅಮೆರಿಕನ್ನರೂ ರಷ್ಯನ್ನರೂ ಕೈ ಕುಲುಕಿದರು. ಕೊಟ್ಜೆಬ್ಯೂಗೆ ಏನೋ ಹೇಳಬೇಕು ಅನ್ನಿಸಿತು. ಆತನ ಇಂಗ್ಲಿಷನ್ನು ಪೊಲೊವ್‌ಸ್ಕಿ ಜರ್ಮನ್‌ಗೆ ತಿರುಗಿಸಿದ. ಜರ್ಮನ್ ತಿಳಿದ ಒಬ್ಬ ರಷ್ಯನ್ ಅದನ್ನು ತನ್ನವರಿಗೆ ರಷ್ಯನ್ ಭಾಷೆಯಲ್ಲಿ ಹೇಳಿದ. ಸೋತವರ ಭಾಷೆಯೇ ಗೆದ್ದವರಿಬ್ಬರ ನಡುವೆ ದುಭಾಷಿ! ಈ ದಿನವನ್ನು ಮರೆಯಬಾರದು, ಇಂಥದ್ದು ಇನ್ನೊಮ್ಮೆ ಆಗದ ಹಾಗೆ ನಮ್ಮ ಕೈಲಾದದ್ದನ್ನು ಮಾಡಬೇಕು ಎಂಬ ಅರ್ಥದ ಮಾತು. ಯಾರೂ ಬರೆದುಕೊಳ್ಳಲಿಲ್ಲ. ಕಾಗದವಿಲ್ಲ, ಸಹಿಯಿಲ್ಲ, ಕ್ಯಾಮೆರಾ ಇಲ್ಲ. ಅದನ್ನೇ ಮುಂದೆ ಎಲ್ಬದ ಪ್ರತಿಜ್ಞೆ ಅಂತ ಕರೆದರು.

ಸೋವಿಯತ್ ರೆಜಿಮೆಂಟಿನ ಕಮಾಂಡರ್, ಲೆಫ್ಟಿನೆಂಟ್ ಕರ್ನಲ್ ಗಾರ್ಡಿಯೆವ್, ಅಲ್ಲಿಗೆ ಬಂದು ಸುತ್ತಲೂ ನೋಡಿದ. ಇಂಥ ಜಾಗದಲ್ಲಿ ಸಮಾರಂಭ ಬೇಡ ಅಂತ ಆತನಿಗೆ ಅನ್ನಿಸಿತು. ಹತ್ತಿರದ ಕ್ರೈನಿಟ್ಜ್ ಎಂಬ ಹಳ್ಳಿಯ ಕಡೆಗೆ ಹೋಗಿ ಅಲ್ಲಿ ಮತ್ತೊಮ್ಮೆ ಭೇಟಿಯಾಗೋಣ ಅಂದ. ಅಲ್ಲಿ ಫೋಟೊ, ಊಟ, ವೋಡ್ಕಾ. ತಪ್ಪು ಅಂತ ನಾನು ಹೇಳಲಾರೆ. ಮದುವೆ ಮನೆಯಲ್ಲಿ ಸಾವಾದರೆ ಬಾಗಿಲು ಮುಚ್ಚಿ ಶಾಸ್ತ್ರ ಮುಗಿಸುವವರನ್ನು ನಾವೂ ನೋಡಿದ್ದೇವೆ. ಆದರೆ ಆ ದಂಡೆ ಹೀಗೆ ಮೊದಲ ದಿನವೇ ಚಿತ್ರದಿಂದ ಹೊರಗೆ ಉಳಿಯಿತು.

ಕೊಟ್ಜೆಬ್ಯೂ ರೇಡಿಯೊದಲ್ಲಿ ಸುದ್ದಿ ಕಳಿಸಿದ: ಕೆಲಸ ಆಯಿತು, ಕಮಾಂಡರುಗಳ ಭೇಟಿಗೆ ಏರ್ಪಾಡು ನಡೆದಿದೆ. ಆದರೆ ತಾನಿರುವ ಜಾಗದ ನಕ್ಷೆಯ ಸಂಖ್ಯೆಯನ್ನು ತಪ್ಪಾಗಿ ಕೊಟ್ಟುಬಿಟ್ಟ. ಮುಖ್ಯಾಲಯದವರಿಗೆ ತಮ್ಮ ಹುಡುಗ ಎಲ್ಲಿದ್ದಾನೆ ಎಂಬುದೇ ತಿಳಿಯಲಿಲ್ಲ.

ಈ ನಡುವೆ ಅದೇ ರೆಜಿಮೆಂಟಿನ ಇನ್ನೊಬ್ಬ ಲೆಫ್ಟಿನೆಂಟ್, ವಿಲಿಯಂ ರಾಬರ್ಟ್‌ಸನ್, ಒಂದೇ ಜೀಪಿನಲ್ಲಿ ಮೂವರನ್ನು ಕೂರಿಸಿಕೊಂಡು ವುರ್ಜೆನ್ ಊರಿನ ಸುತ್ತ ಸೆರೆಯಾಳುಗಳ ವ್ಯವಸ್ಥೆ ನೋಡಲು ಹೊರಟಿದ್ದ. ಟೊರ್ಗಾವ್‌ನಲ್ಲಿ ಮಿತ್ರಪಕ್ಷದ ಸೆರೆಯಾಳುಗಳಿದ್ದಾರೆ ಅಂತ ಯಾರೋ ಹೇಳಿದರು. ಸರಿ, ಆತನೂ ಗೆರೆ ದಾಟಿದ. ರೇಡಿಯೊ ಇಲ್ಲ, ಹಸಿರು ಬಾಣವೂ ಇಲ್ಲ. ಟೊರ್ಗಾವ್ ತಲುಪಿದರೆ ಆಚೆ ದಂಡೆಯಿಂದ ಗುಂಡು. ಒಂದು ಔಷಧದ ಅಂಗಡಿಯಲ್ಲಿ ಕೆಂಪು, ನೀಲಿ ಬಣ್ಣ ಹುಡುಕಿ, ಬಿಳಿ ಹಾಸಿಗೆ ಬಟ್ಟೆಯ ಮೇಲೆ ಅವಸರದಲ್ಲಿ ಪಟ್ಟೆ ಬಳಿದು ಅಮೆರಿಕದ ಬಾವುಟ ಮಾಡಿಕೊಂಡ. ಹಾರ್ಟೆನ್‌ಫೆಲ್ಸ್ ಎಂಬ ಹಳೆಯ ಅರಮನೆಯ ಗೋಪುರ ಹತ್ತಿ ಅದನ್ನು ಬೀಸಿದ. ರಷ್ಯನ್ನರು ಗುಂಡು ನಿಲ್ಲಿಸಿದರು, ಮತ್ತೆ ಹೊಡೆದರು. ಜರ್ಮನರ ಮೋಸವಿರಬಹುದು ಎಂಬ ಅನುಮಾನ. ಕೊನೆಗೆ ಸೆರೆಯಿಂದ ಬಿಡುಗಡೆಯಾದ ಒಬ್ಬ ರಷ್ಯನ್ನನನ್ನು ಕರೆತಂದು ಕೂಗಿಸಿದ ಮೇಲೆ ನಂಬಿಕೆ ಬಂತು. ಮುರಿದ ಸೇತುವೆಯ ತೊಲೆಗಳ ಮೇಲೆ ತೆವಳಿಕೊಂಡು ಆಚೆಯಿಂದ ಸಾರ್ಜೆಂಟ್ ಆಂದ್ರೆಯೆವ್, ಈಚೆಯಿಂದ ರಾಬರ್ಟ್‌ಸನ್. ನದಿಯ ಮೇಲೆ ಎದುರೆದುರಾದಾಗ ದೊಡ್ಡ ಮಾತೇನೂ ಹೊಳೆಯಲಿಲ್ಲವಂತೆ. ನಕ್ಕು ತಟ್ಟಿದನಂತೆ, ಅಷ್ಟೆ. ಆಗ ಸಂಜೆ ನಾಲ್ಕು ಗಂಟೆಯ ಸುಮಾರು. ಕೊಟ್ಜೆಬ್ಯೂ ದೋಣಿ ಇಳಿದು ಮೂರು ಗಂಟೆಗೂ ಹೆಚ್ಚಾಗಿತ್ತು. ಅದೇ ಸಂಜೆ ಮೇಜರ್ ಕ್ರೇಗ್ ಎಂಬಾತನ ಮೂರನೇ ತಂಡವೂ ಸೋವಿಯತ್ ಕುದುರೆ ಸವಾರರನ್ನು ಕಂಡಿತು. ಒಂದೇ ರೆಜಿಮೆಂಟ್, ಒಂದೇ ದಿನ, ಮೂರು ತಂಡಗಳು ಆಜ್ಞೆ ಮೀರಿ ಒಂದೇ ಕೆಲಸ ಮಾಡಿದವು.

ರಾಬರ್ಟ್‌ಸನ್ ಜಾಣ. ಸಾಕ್ಷಿಗೆ ಆಚೆಯ ಲೆಫ್ಟಿನೆಂಟ್ ಅಲೆಕ್ಸಾಂಡರ್ ಸಿಲ್ವಾಷ್ಕೊ ಮತ್ತು ಕೆಲವರನ್ನು ಜೀಪಿನಲ್ಲಿ ಕೂರಿಸಿಕೊಂಡೇ ಹಿಂದಿರುಗಿದ. ಜನರಲ್ ರೈನ್‌ಹಾರ್ಟ್ ಮೊದಲು ಕೆಂಡವಾದರು. ಐದು ಮೈಲಿ ಅಂದರೆ ಐದು ಮೈಲಿ! ಶಿಸ್ತಿನ ಕ್ರಮದ ಮಾತೂ ಬಂತು. ಆದರೆ ಮೇಲಿನವರು ಖುಷಿಯಾದರು ಅಂತ ಗೊತ್ತಾದ ಮೇಲೆ ಆ ಮಾತು ಹಾಗೇ ಕರಗಿತು. ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಸಿಗೆ ಬಟ್ಟೆಯ ಬಾವುಟ ಐಸೆನ್‌ಹೋವರ್ ಕೈಗೆ ಹೋಯಿತು. ಮರುದಿನ ರೈನ್‌ಹಾರ್ಟ್ ಟೊರ್ಗಾವ್‌ಗೆ ಹೋಗಿ ಸೋವಿಯತ್ ಜನರಲ್ ರುಸಾಕೊವ್ ಅವರ ಕೈ ಕುಲುಕಿದರು. ಪತ್ರಕರ್ತರೆಲ್ಲ ಟೊರ್ಗಾವ್‌ಗೇ ಓಡಿದರು. ಸೇತುವೆ ಇದ್ದದ್ದು ಅಲ್ಲಿ, ಬಾವುಟ ಇದ್ದದ್ದು ಅಲ್ಲಿ. ಜಾಕ್ಸನ್ ಫೋಟೊ ತೆಗೆದ. ಏಪ್ರಿಲ್ 27ರಂದು ವಾಷಿಂಗ್ಟನ್, ಲಂಡನ್, ಮಾಸ್ಕೊ ಮೂರೂ ಕಡೆ ಸುದ್ದಿ ಪ್ರಕಟವಾಯಿತು. ಮಾಸ್ಕೊದಲ್ಲಿ 324 ಫಿರಂಗಿಗಳು 24 ಸುತ್ತು ಹಾರಿಸಿದವು.

ಯುದ್ಧ ಮುಗಿದು ಎರಡು ತಿಂಗಳಿಗೆ, ಮೊದಲೇ ಆಗಿದ್ದ ಒಪ್ಪಂದದಂತೆ, ಅಮೆರಿಕದ ಸೈನ್ಯ ಲೈಪ್‌ಜಿಗ್ ಬಿಟ್ಟು ಹೊರಟಿತು. ಸೋವಿಯತ್ ಸೈನ್ಯ ಒಳಗೆ ಬಂತು. ಪ್ರಾಣ ಕೊಟ್ಟು ಹಿಡಿದ ಊರುಗಳೆಲ್ಲ ಗೆರೆಯ ಆಚೆ ಹೋದವು. ಆ ವರ್ಷವೇ ಡಿವಿಷನ್ ವಿಸರ್ಜನೆಯಾಯಿತು. ರಾಬರ್ಟ್‌ಸನ್ ಕ್ಯಾಲಿಫೋರ್ನಿಯಾದಲ್ಲಿ ಮೆದುಳಿನ ಶಸ್ತ್ರವೈದ್ಯನಾದ. ಸಿಲ್ವಾಷ್ಕೊ ಬೆಲರೂಸಿನ ಹಳ್ಳಿಯೊಂದರಲ್ಲಿ ಮೇಷ್ಟ್ರಾದ. ಕೊಟ್ಜೆಬ್ಯೂ ಸೈನ್ಯದಲ್ಲೇ ಉಳಿದ.

ಪೊಲೊವ್‌ಸ್ಕಿ ಷಿಕಾಗೋಗೆ ಮರಳಿ ಟ್ಯಾಕ್ಸಿ ಓಡಿಸಿದ. ಆ ದಂಡೆಯ ಮೇಲೆ ಮೂರು ಭಾಷೆ ದಾಟಿ ಹೋದ ಆ ಮಾತನ್ನು ಆತ ನಿಜವಾಗಿ ಕೊಟ್ಟ ಮಾತು ಅಂತಲೇ ತಿಳಿದುಕೊಂಡ. 1945ರ ಏಪ್ರಿಲ್ 25ರಂದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯನ್ನು ಕಟ್ಟುವ ಸಮ್ಮೇಳನ ಶುರುವಾಗಿತ್ತು. ಆದ್ದರಿಂದ ಆ ದಿನವನ್ನು ಶಾಂತಿಯ ದಿನ ಅಂತ ಸಾರಿ ಎಂದು ವಿಶ್ವಸಂಸ್ಥೆಯ ಬಾಗಿಲು ತಟ್ಟಿದ. ಆಗಲಿಲ್ಲ. 1955ರಲ್ಲಿ ಕೆಲವು ಹಳೆಯ ಸೈನಿಕರನ್ನು ಕೂಡಿಸಿಕೊಂಡು ಮಾಸ್ಕೊಗೆ ಹೋಗಿ ಆಚೆ ದಂಡೆಯವರನ್ನು ಮತ್ತೆ ಕಂಡ. ಉಳಿದಂತೆ ವರ್ಷಕ್ಕೊಮ್ಮೆ ಸೇತುವೆ, ಕರಪತ್ರ. ಹಣ ಇರಲಿಲ್ಲ, ಹಿಂದೆ ಪಕ್ಷ ಇರಲಿಲ್ಲ. ಇದರಿಂದ ಒಂದು ಕ್ಷಿಪಣಿಯಾದರೂ ಕಡಿಮೆಯಾಯಿತೆ ಅಂತ ಕೇಳಿದರೆ ಇಲ್ಲ ಅನ್ನಬೇಕು. ಆತ ಕೇಳಿಕೊಳ್ಳಲಿಲ್ಲ, ಅಥವಾ ಕೇಳಿಕೊಂಡೂ ಮರುವರ್ಷ ಬಂದ.

1983ರ ಅಕ್ಟೋಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ತನ್ನನ್ನು ಟೊರ್ಗಾವ್‌ನಲ್ಲಿ ಹೂಳಬೇಕು ಎಂಬುದು ಕೊನೆಯ ಆಸೆ. ಟೊರ್ಗಾವ್ ಆಗ ಪೂರ್ವ ಜರ್ಮನಿಯಲ್ಲಿತ್ತು. ಅದು ಎಂಥ ವರ್ಷ ಅಂದರೆ, ಸೆಪ್ಟೆಂಬರಿನಲ್ಲಿ ಸೋವಿಯತ್ ವಿಮಾನ ಕೊರಿಯಾದ ಪ್ರಯಾಣಿಕರ ವಿಮಾನವೊಂದನ್ನು ಹೊಡೆದುರುಳಿಸಿತ್ತು. ನವೆಂಬರ್ 22ರಂದು ಪಶ್ಚಿಮ ಜರ್ಮನಿಯ ಸಂಸತ್ತು ಅಮೆರಿಕದ ಪರ್ಶಿಂಗ್ ಕ್ಷಿಪಣಿಗಳಿಗೆ ಒಪ್ಪಿಗೆ ಕೊಟ್ಟಿತು. ನಾಲ್ಕೇ ದಿನಕ್ಕೆ, ನವೆಂಬರ್ 26ರಂದು, ಅಮೆರಿಕದ ಒಬ್ಬ ಟ್ಯಾಕ್ಸಿ ಡ್ರೈವರ್‌ನ ಪೆಟ್ಟಿಗೆ ಗಡಿ ದಾಟಿ ಬಂದು ಟೊರ್ಗಾವ್‌ನ ಮಣ್ಣಿಗಿಳಿಯಿತು. ಎರಡೂ ಕಡೆಯ ಹಳೆಯ ಸೈನಿಕರು ಬಂದು ನಿಂತಿದ್ದರು.

ಫೋಟೊದಲ್ಲಿರುವ ಆ ಸೇತುವೆಯನ್ನು ಯುದ್ಧದ ನಂತರ ದುರಸ್ತಿ ಮಾಡಿ ಬಹಳ ಕಾಲ ಬಳಸಿದರು. ಪಕ್ಕದಲ್ಲಿ ಹೊಸದು ಬಂದ ಮೇಲೆ, 1994ರಲ್ಲಿ, ಬೇಡ ಅಂತ ಹಲವರು ಕೇಳಿಕೊಂಡರೂ ಹಳೆಯದನ್ನು ಕೆಡವಿದರು. ಪೊಲೊವ್‌ಸ್ಕಿಯ ಸಮಾಧಿ ಊರಿನ ಸ್ಮಶಾನದಲ್ಲಿದೆ. ಆತ ದೋಣಿಯಿಂದ ಇಳಿದ ದಂಡೆ ಅಲ್ಲಿಂದ ನದಿಯ ಮೇಲ್ದಿಕ್ಕಿಗೆ ಮೂವತ್ತು ಕಿಲೋಮೀಟರ್ ಹತ್ತಿರ. ಜರ್ಮನಿಯ ಕಡೆ ಹೋಗುವವರಿದ್ದರೆ, ಟೊರ್ಗಾವ್ ನೋಡಿಕೊಂಡು ಅಲ್ಲಿಗೂ ಹೋಗಿಬನ್ನಿ.